ಪಿಳ್ಳಣ್ಣ ಮೇಷ್ಟ್ರ ಸೊಟ್ಟ ದುರ್ಬೀನು

ಬೂದಿಗೆರೆಯಿಂದ ಹೊಸಕೋಟೆಗೆ ಹೋಗುವ ಕಡೆ ನಮ್ಮೂರಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಈಗಲೂ ದೊಣ್ಣೆ ಹಿಡಿದು ಬರುವವರಿದ್ದಾರೆ. ನನಗೆ ವಯಸ್ಸಾಗಿದೆ, ಓಡಲಾರೆ. ಆ ಊರಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಪಂಡಿತನಾಗಿದ್ದೆ, ಪಿಳ್ಳಣ್ಣ ವಿಜ್ಞಾನದ ಮೇಷ್ಟ್ರಾಗಿದ್ದ. ಇಬ್ಬರಿಗೂ ಒಂದೇ ಸ್ಟಾಫ್ ರೂಮು, ಒಂದೇ ಬೆಂಚು, ಒಂದೇ ಹೂಜಿ ನೀರು. ಆದ್ದರಿಂದ ಅವನ ವಿಷಯ ಹೇಳಲು ನನಗಿಂತ ಹಕ್ಕುಳ್ಳವರು ಅವನ ಹೆಂಡತಿ ಸಪ್ಪಲಮ್ಮ ಒಬ್ಬಳೇ. ಅವಳು ಹೇಳುವುದಿಲ್ಲ, ನಗುತ್ತಾಳೆ ಅಷ್ಟೆ.

ಪಿಳ್ಳಣ್ಣನ ದೊಡ್ಡ ಕಾಯಿಲೆಯೆಂದರೆ ತಪ್ಪು ಕಂಡರೆ ತಡೆಯಲಾಗದಿರುವುದು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವನು ಎಲೆಗಳ ಸಾಲು ನೆಟ್ಟಗಿಲ್ಲವೆಂದು ಎದ್ದುಹೋಗಿ ಪಕ್ಕದವರ ಎಲೆಗಳನ್ನೂ ಸರಿಪಡಿಸುತ್ತಿದ್ದ. ಅಷ್ಟರಲ್ಲಿ ಇವನ ಎಲೆಗೆ ಪಾಯಸ ಬಡಿಸುವವನು ದಾಟಿ ಹೋಗಿರುತ್ತಿದ್ದ. ಸಾವಿನ ಮನೆಗೆ ಹೋದರೆ ಚಟ್ಟದ ಗಂಟು ಸಡಿಲವಿದೆ ಎಂದು ಹೇಳಿ ಬೈಸಿಕೊಂಡು ಬರುತ್ತಿದ್ದ. ಇಂಥವನ ಜೊತೆ ಸಂಸಾರ ಮಾಡುವುದು ಹೇಗೆ ಎಂದು ನಾನು ಸಪ್ಪಲಮ್ಮನನ್ನು ಕೇಳಿದ್ದೆ. "ನಾನ್ ಮಾಡಿದ್ ಸಾರಲ್ಲಿ ಮಾತ್ರ ಒಂದಿನಾನೂ ತಪ್ಪು ಹಿಡಿದಿಲ್ಲ ಪಂಡಿತ್ರೇ. ಏನ್ ತಿಂತಾವ್ರೆ ಅಂತ ಅವರಿಗೆ ಗೊತ್ತಿದ್ರೆ ತಾನೇ!" ಎಂದಳು.

ಅರವತ್ತಾರನೆಯ ಇಸವಿಯಲ್ಲಿ ಈ ಪುಣ್ಯಾತ್ಮನಿಗೆ ಆಕಾಶದ ಹುಚ್ಚು ಹಿಡಿಯಿತು. ಬೆಂಗಳೂರಿನ ಗುಜರಿಯಲ್ಲಿ ಸಿಕ್ಕ ದಪ್ಪ ಗಾಜನ್ನು ಸಾಣೆಪುಡಿ ಹಾಕಿ ಉಜ್ಜಿ, ತಗಡಿನ ಕೊಳವೆಯ ತಳದಲ್ಲಿ ಕೂರಿಸಿ, ಒಂದು ದುರ್ಬೀನು ಮಾಡಿದ. ಬೆಳಕನ್ನು ಒಟ್ಟುಗೂಡಿಸಲು ಒಂದೇ ಒಂದು ತಗ್ಗುಗನ್ನಡಿ; ಬಿಂಬವನ್ನು ಪಕ್ಕಕ್ಕೆ ತಿರುಗಿಸಲು ಕೊಳವೆಯ ಬಾಯಿಯ ಹತ್ತಿರ ಒಂದು ಪುಟ್ಟ ಚಪ್ಪಟೆ ಕನ್ನಡಿ. ದಸರಾ ರಜೆಯಲ್ಲಿ ಊರಿಗೆಲ್ಲ ಡಂಗುರ ಹಾಕಿಸಿದಂತೆ ಹೇಳಿಕೊಂಡು ಬಂದ: ಶನಿಗ್ರಹದ ಸುತ್ತ ಒಂದು ಬಳೆ ಇದೆ, ಬನ್ನಿ, ತೋರಿಸುತ್ತೇನೆ.

ಶನಿಯನ್ನು ಯಾರಾದರೂ ಬೇಕೆಂದು ಹೋಗಿ ನೋಡುತ್ತಾರೆಯೇ? ನಮ್ಮೂರಿನವರು ಶನಿ ತಮ್ಮ ಕಡೆ ನೋಡದಿರಲಿ ಎಂದು ಎಳ್ಳೆಣ್ಣೆ ದೀಪ ಹಚ್ಚುವ ಜನ. ಆದರೂ ಬಳೆಯ ಆಸೆಗೆ ಬಂದರು. ನೋಡಿದರು. ಬಳೆ ಇರಲಿಲ್ಲ. ಬೋಳು ಗುಂಡಗೆ, ಬಟಾಣಿ ಕಾಳಿನ ಹಾಗೆ ಒಂದು ಶನಿ ಕೂತಿದ್ದ. ಸುತ್ತಲಿನ ನಕ್ಷತ್ರಗಳಿಗಾದರೋ, ಕೊಳವೆಯ ಅಂಚಿಗೆ ಸರಿದಂತೆಲ್ಲ ಒಂದೊಂದಕ್ಕೂ ಬಾಲ ಮೊಳೆತಿತ್ತು.

"ಶನಿಗೆ ಬಳೆ ಒಡ್ದವ್ರೆ ಕಣ್ರೋ, ಪಾಪ!" ಎಂದು ಯಾರೋ ಕೂಗಿದರು. ಶಾಲೆಯ ಸಮಿತಿಯ ಅಧ್ಯಕ್ಷ ಕೊಂಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇರೋ ಬಳೆ ಕಾಣಲ್ಲ, ಇಲ್ದಿರೋ ಬಾಲ ಕಾಣ್ತದೆ. ಒಳ್ಳೆ ದುರ್ಬೀನು ಮೇಷ್ಟ್ರೇ ನಿಮ್ದು!" ಎಂದ. ಅಂದಿನಿಂದ ಪಿಳ್ಳಣ್ಣನಿಗೆ 'ಬಾಲದ ಮೇಷ್ಟ್ರು' ಎಂದು ಹೆಸರಾಯಿತು. ಮಕ್ಕಳು ಅವನ ಕೋಟಿನ ಹಿಂದೆ ಹಗ್ಗದ ತುಂಡು ಕಟ್ಟಿದ್ದೂ ಉಂಟು.

ತಿಂಗಳೊಪ್ಪತ್ತಿನ ಮೇಲೆ ಅವನಿಗೆ ಸತ್ಯ ಗೊತ್ತಾಯಿತು. ಶನಿಯ ಬಳೆ ರಾಗಿರೊಟ್ಟಿಗಿಂತ ತೆಳುವಾದ ತಟ್ಟೆಯಂತೆ. ಹದಿನೈದು ವರ್ಷಕ್ಕೊಮ್ಮೆ ಅದು ನಮಗೆ ತನ್ನ ಅಂಚನ್ನು ತಿರುಗಿಸುತ್ತದೆ, ಆಗ ಕಾಣುವುದಿಲ್ಲ. ಹದಿನೈದು ವರ್ಷದಲ್ಲಿ ಇವನು ಆರಿಸಿಕೊಂಡದ್ದು ಸರಿಯಾಗಿ ಆ ವರ್ಷವನ್ನೇ. ಇದನ್ನು ಊರಿನವರಿಗೆ ಹೇಳಲು ಹೋದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ಬಳೆಯದೇನೋ ಶನಿಯ ತಪ್ಪು; ಆದರೆ ನಕ್ಷತ್ರದ ಬಾಲ ತನ್ನ ಕನ್ನಡಿಯ ತಪ್ಪೆಂದು ಪಿಳ್ಳಣ್ಣನಿಗೆ ಗೊತ್ತಿತ್ತು. ಅದು ಅವನಿಗೆ ಊಟ ಸೇರದಂತೆ ಮಾಡಿತು.

ಅಲ್ಲಿಂದ ಅವನ ಶನಿವಾರಗಳೆಲ್ಲ ಬೆಂಗಳೂರಿನ ಲೈಬ್ರರಿಗಳ ಪಾಲಾದವು. ಅರ್ಧ ದಿನ ಪಾಠ ಮುಗಿಸಿ ಬಸ್ಸಿನ ಮೆಟ್ಟಿಲಿಗೆ ನೇತುಬೀಳುತ್ತಿದ್ದ. ಹೀಗೆ ವರ್ಷಗಳು ಉರುಳಿದ ಮೇಲೆ ಒಂದು ಸೋಮವಾರ ಸ್ಟಾಫ್ ರೂಮಿಗೆ ಬಂದವನ ಮುಖ ಮದುಮಗನ ಮುಖದಂತಿತ್ತು.

"ಪಂಡಿತ್ರೇ, ಸಿಕ್ತು. ಜರ್ಮನಿಯವನೊಬ್ಬ ದಾರಿ ಮಾಡಿದಾನೆ. ಒಂದು ಕನ್ನಡಿ ಸಾಲದು. ಮೂರು ಬೇಕು. ಮೂರೂ ಸೊಟ್ಟಗಿರಬೇಕು."

"ಒಂದು ನೆಟ್ಟಗಿದ್ದಾಗಲೇ ಬಾಲ ಬಂತು. ಮೂರು ಸೊಟ್ಟಗಾದ್ರೆ ಕೊಂಬು ಬರಲ್ವೇನಯ್ಯಾ?" ಎಂದೆ.

"ಅಲ್ಲೇ ಇರೋದು ಮಜಾ. ನಿಮ್ಮಪ್ಪ ಬೇಸಾಯಗಾರ್ರು ತಾನೇ? ಒಂದೆತ್ತು ಎಡಕ್ಕೆಳೆಯೋದಾದ್ರೆ ಅದಕ್ಕೆಂಥ ಜೋಡಿ ಹುಡುಕ್ತಿದ್ರು?"

"ಬಲಕ್ಕೆಳೆಯೋದನ್ನ."

"ಗಾಡಿ?"

"ನೆಟ್ಟಗೆ ಹೋಗ್ತದೆ."

"ಇದೂ ಅಷ್ಟೇ ಕಣ್ರೀ!"

ವಿಷಯ ಇಷ್ಟು. ದೊಡ್ಡ ತಗ್ಗುಗನ್ನಡಿಯನ್ನು ಸ್ವಲ್ಪ ಓರೆಯಾಗಿ ಕೂರಿಸಿದರೆ ಅದು ಬೆಳಕನ್ನು ಬಂದ ದಾರಿಗೆ ಅಡ್ಡವಾಗದಂತೆ ಪಕ್ಕಕ್ಕೆ ಎಸೆಯುತ್ತದೆ. ಆದರೆ ಓರೆಯಾದ ಕಾರಣಕ್ಕೇ ನಕ್ಷತ್ರ ಒಂದು ಕಡೆಗೆ ಜಗ್ಗಿದಂತೆ ಕಾಣುತ್ತದೆ. ಪಕ್ಕದಲ್ಲಿ ಎರಡನೆಯ ಕನ್ನಡಿ, ಉಬ್ಬಿನದು, ಬೇರೊಂದು ಓರೆಯಲ್ಲಿ ನಿಂತು ಅದನ್ನು ಇನ್ನೊಂದು ಕಡೆಗೆ ಜಗ್ಗುತ್ತದೆ. ಇವೆರಡೂ ಬಗೆಹರಿಸದೆ ಉಳಿಸಿದ ಚೂರುಪಾರು ಜಗಳವನ್ನು ಮೂರನೆಯದು ತೀರಿಸುತ್ತದೆ. ಕೊನೆಗೆ ಕಣ್ಣಿಗೆ ಬರುವ ನಕ್ಷತ್ರ ಬಾಲವಿಲ್ಲದ ಚುಕ್ಕಿ. ಮೂವರು ಸೊಟ್ಟವರು ಸೇರಿ ನೆಟ್ಟಗಿನ ಕೆಲಸ ಮಾಡುವುದನ್ನು ನಾನು ನಂಬಲಿಲ್ಲ. ನಮ್ಮ ಶಾಲಾ ಸಮಿತಿಯಲ್ಲೂ ಮೂವರಿದ್ದರು. ಅವರಿಂದ ಒಂದು ಶೌಚಾಲಯ ಕಟ್ಟಿಸಲಾಗಿರಲಿಲ್ಲ. ಪಿಳ್ಳಣ್ಣ ಅದಕ್ಕೂ ಉತ್ತರ ಕೊಟ್ಟ: "ಅವರು ಮೂರೂ ಜನ ಒಂದೇ ಕಡೆಗೆ ಸೊಟ್ಟ ಕಣ್ರೀ. ಅದಕ್ಕೆ ಆಗಲ್ಲ."

ಕನ್ನಡಿ ಉಜ್ಜುವ ಕೆಲಸ ಅವನ ಮನೆಯ ಜಗುಲಿಯಲ್ಲಿ ಶುರುವಾಯಿತು. ನೀರು ತುಂಬಿದ ಒಂದು ಪೀಪಾಯಿ, ಅದರ ಮೇಲೆ ಒಂದು ಗಾಜಿನ ಬಿಲ್ಲೆ, ಅದರ ಮೇಲೆ ಇನ್ನೊಂದು, ನಡುವೆ ಸಾಣೆಪುಡಿ. ಗಾಣದೆತ್ತಿನ ಹಾಗೆ ಪೀಪಾಯಿಯ ಸುತ್ತ ನಡೆಯುತ್ತ ಮೇಲಿನದನ್ನು ಕೆಳಗಿನದರ ಮೇಲೆ ಉಜ್ಜಬೇಕು. ಉಜ್ಜಿದಂತೆಲ್ಲ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಅಷ್ಟೇ ಉಬ್ಬುತ್ತದೆ. ಆ ತಗ್ಗೇ ಅವನ ಮೊದಲನೆಯ ಕನ್ನಡಿ. ಆ ಉಬ್ಬಿನಿಂದ ಕತ್ತರಿಸಿದ ತುಂಡೇ ಎರಡನೆಯದು. ಮೂರನೆಯದಕ್ಕೆ ಬೇರೆ ಗಾಜು.

ಸಪ್ಪಲಮ್ಮ ರಾಗಿ ಬೀಸುತ್ತ ಇದನ್ನೆಲ್ಲ ನೋಡುತ್ತಿದ್ದಳು. "ಗಂಡ ಹೆಂಡತಿ ಹಂಗೇ ಐತಲ್ಲ," ಎಂದಳು ಒಂದು ದಿನ. "ಉಜ್ಜಿ ಉಜ್ಜಿ ಒಬ್ಬರು ಉಬ್ಬೋದು, ಒಬ್ಬರು ತಗ್ಗೋದು." ಯಾರು ಉಬ್ಬಿದ್ದು ಎಂದು ಕೇಳುವ ಧೈರ್ಯ ಪಿಳ್ಳಣ್ಣನಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಅವಳಿಗೆ ಒಂದು ಕೊರಗಿತ್ತು, ಅದನ್ನು ಹೇಳಲೇಬೇಕು. ಅರವತ್ತಾರರಲ್ಲಿ ಊರೆಲ್ಲ ಆ ತಗಡಿನ ಕೊಳವೆಯಲ್ಲಿ ಇಣುಕಿತ್ತು, ಸಪ್ಪಲಮ್ಮ ಮಾತ್ರ ಇಣುಕಿರಲಿಲ್ಲ. ಮೊದಲು, ಬಂದವರಿಗೆಲ್ಲ ಕಾಫಿ ಕಾಸುತ್ತಿದ್ದಳು. ಆಮೇಲೆ ಅವಳು ಬಂದು ನಿಂತಾಗ, "ಇನ್ನೂ ಸರಿಯಾಗಿಲ್ಲ ಕಣೇ, ತಪ್ಪಿದೆ, ಸರಿಮಾಡಿ ತೋರಿಸ್ತೀನಿ," ಎಂದು ಪಿಳ್ಳಣ್ಣ ಮುಚ್ಚಳ ಹಾಕಿಬಿಟ್ಟ. ಅಂದಿನಿಂದ ಎಷ್ಟು ಸಲ ಕೇಳಿದರೂ ಅದೇ ಮಾತು. ಚಂದ್ರನನ್ನಾದರೂ ತೋರಿಸಬಾರದೇ ಎಂದರೂ ಅದೇ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನಾನೇ ಅವನ ಮುಖಕ್ಕೆ ಹೇಳಿದ್ದೆ. ಅವನು ತಲೆ ಕೆರೆದುಕೊಂಡ, ಅಷ್ಟೆ.

ಗಾಜು ಉಜ್ಜಿದರೆ ಕನ್ನಡಿಯಾಗದು, ಮೇಲೆ ಬೆಳ್ಳಿ ಹತ್ತಿಸಬೇಕು. ನಮ್ಮ ಮನೆಯ ಕನ್ನಡಿಗೆ ಬೆಳ್ಳಿ ಬೆನ್ನ ಹಿಂದಿರುತ್ತದೆ. ದುರ್ಬೀನಿನ ಕನ್ನಡಿಗೆ ಎದುರಿಗೇ ಬೇಕು. ಬೆಳ್ಳಿ ಎಲ್ಲಿಂದ ಬರಬೇಕು? ಪಿಳ್ಳಣ್ಣ ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ಬಂದು ನಿಂತ. ನಿಂತ ರೀತಿಯಲ್ಲೇ ಸಪ್ಪಲಮ್ಮನಿಗೆ ತಿಳಿಯಿತು. ತವರಿನವರು ಹಾಕಿದ್ದ ಕಾಲ್ಗೆಜ್ಜೆ ಬಿಚ್ಚಿ ಅವನ ಅಂಗೈಗೆ ಹಾಕಿದಳು.

"ಇದಕ್ಕೆ ಬದ್ಲು ಏನ್ ಕೊಡ್ತೀರಿ?"

"ಶನಿಯ ಬಳೆ. ಸರಿಯಾಗಿ, ತಪ್ಪಿಲ್ಲದೆ, ನಿನ್ನ ಕಣ್ಣಿಗೆ ತೋರಿಸ್ತೀನಿ."

"ಶನಿ ಆದ್ರೂ ಪರವಾಗಿಲ್ಲ. ಮಾತು ತಪ್ಪಬೇಡಿ."

ಶಾಲೆಯ ನೈಟ್ರಿಕ್ ಆಮ್ಲದಲ್ಲಿ ಗೆಜ್ಜೆ ಕರಗಿತು. ಏನೇನೋ ದ್ರಾವಣ ಸೇರಿಸಿ, ಕೊನೆಗೆ ಸಕ್ಕರೆ ಪಾಕ ಹೊಯ್ದ. ಆ ಸಕ್ಕರೆಯೂ ಸಪ್ಪಲಮ್ಮನ ಡಬ್ಬಿಯದೇ. ನೋಡುನೋಡುತ್ತ ಗಾಜಿನ ಮೇಲೆ ಬೆಳ್ಳಿ ಕೂತಿತು. ಅವಳು ಬಗ್ಗಿ ನೋಡಿದಳು. ಮೊದಲನೆಯ ಕನ್ನಡಿಯಲ್ಲಿ ಅವಳ ಮುಖ ತೇರಿನಷ್ಟು ದೊಡ್ಡದಾಗಿ ಕಂಡಿತು, ಎರಡನೆಯದರಲ್ಲಿ ಹುಣಸೆಬೀಜದಷ್ಟಾಯಿತು. "ಗೆಜ್ಜೆ ಹೋಗಿ ಮುಖಾನೂ ಕೆಟ್ಟೋಯ್ತಲ್ಲ," ಎಂದು ನಕ್ಕಳು. ನಡೆದಾಗ ಅವಳ ಕಾಲಲ್ಲಿ ಸದ್ದಿರಲಿಲ್ಲ.

ಮೂರು ಕನ್ನಡಿಗಳನ್ನು ಕೂರಿಸುವ ಪೆಟ್ಟಿಗೆ ಮಾಡಿದ್ದು ಬಡಗಿ ಮುನಿಸ್ವಾಮಾಚಾರಿ. ಅವನು ಹುಟ್ಟಿದಾಗಿನಿಂದ ಮಟ್ಟಗೋಲು, ತೂಗುಗುಂಡು ಇಲ್ಲದೆ ಒಂದು ಮೊಳೆ ಹೊಡೆದವನಲ್ಲ. ಅವನ ಹತ್ತಿರ ಹೋಗಿ, ಬೆಳಕಿನ ಓರೆ ದಾರಿಗೆ ತಕ್ಕಂತೆ ಮೂಲೆ ತಪ್ಪಿದ, ಅಲ್ಲಲ್ಲಿ ಸೊಟ್ಟ ತಿರುಗಿದ ಪೆಟ್ಟಿಗೆ ಮಾಡಿಕೊಡು ಎಂದರೆ ಹೇಗಿರಬೇಡ! "ನಮ್ಮಪ್ಪ ಸ್ವರ್ಗದಿಂದ ಉಗೀತಾನೆ ಮೇಷ್ಟ್ರೇ," ಎಂದು ಗೋಗರೆದ. ಕೊನೆಗೆ ಸ್ನೇಹಕ್ಕೆ ಕಟ್ಟುಬಿದ್ದು ಮಾಡಿಕೊಟ್ಟ. ಹೊರಗಿನ ಪೆಟ್ಟಿಗೆ ಅವನದು. ಒಳಗೆ ಕನ್ನಡಿ ಕೂರಿಸಿದ್ದು ಪಿಳ್ಳಣ್ಣ, ಮನೆಯ ಬಾಗಿಲು ಹಾಕಿಕೊಂಡು. ಮೂರು ಕನ್ನಡಿಗಳ ಹಿಂದೆ ತಿರುಪುಗಳಿದ್ದವು, ಕೂದಲೆಳೆಯಷ್ಟು ಅತ್ತಿತ್ತ ಓರೆ ಮಾಡಲು. ಆ ಓರೆಯನ್ನು ಒಳಗೆ ಯಾರೂ ನೋಡಿರಲಿಲ್ಲ. ಪೆಟ್ಟಿಗೆಯನ್ನಂತೂ ಊರೇ ನೋಡಿತ್ತು. "ಏನ್ ಆಚಾರ್ರೇ, ಕುಡಿದು ಮಾಡಿದ್ರಾ?" ಎಂದು ಕೇಳಿದವರಿಗೆ ಉತ್ತರ ಕೊಟ್ಟು ಕೊಟ್ಟು ಮುನಿಸ್ವಾಮಾಚಾರಿ ಸಂತೆಗೆ ಹೋಗುವುದನ್ನೇ ಬಿಟ್ಟ.

ಎಪ್ಪತ್ತನಾಲ್ಕರ ಸಂಕ್ರಾಂತಿ ಕಳೆದಿತ್ತು. ಆ ವರ್ಷ ಶನಿಯ ಬಳೆ ಪೂರಾ ತೆರೆದು ನಿಂತಿತ್ತು, ದೀಪ ಹಚ್ಚುವ ಹೊತ್ತು ದಾಟಿದರೆ ಶನಿ ನೆತ್ತಿಯ ಹತ್ತಿರವೇ ಇರುತ್ತಿದ್ದ. ಪಿಳ್ಳಣ್ಣ ಮೊದಲು ಹೆಂಡತಿಗೆ ತೋರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ದುರ್ಬೀನು ಸಿದ್ಧವಾಯಿತೆಂಬ ಸುದ್ದಿ ಕೊಂಡಪ್ಪನ ಕಿವಿಗೆ ಬಿದ್ದುಬಿಟ್ಟಿತು. ಕೊಂಡಪ್ಪನಿಗೆ ವಿಜ್ಞಾನ ಬೇಡ, ಉದ್ಘಾಟನೆ ಬೇಕು. ಕೊಳಾಯಿಯಾಗಲಿ, ಕೊಟ್ಟಿಗೆಯಾಗಲಿ, ರಿಬ್ಬನ್ನು ಕತ್ತರಿಸದೆ ಅವನು ಯಾವುದನ್ನೂ ಬಳಕೆಗೆ ಬಿಟ್ಟವನಲ್ಲ.

"ವಿದ್ಯಾಧಿಕಾರಿಗಳನ್ನ ಕರೆಸ್ತೀನಿ," ಎಂದು ಸಮಿತಿಯಲ್ಲಿ ಘೋಷಿಸಿದ. "ಅವರು ಮೆಚ್ಚಿದ್ರೆ ಶಾಲೆ ಮಾಳಿಗೆ ಮೇಲಿನ ಕೋಣೆ ದುರ್ಬೀನಿಗೆ. ಇಲ್ದಿದ್ರೆ ಅಲ್ಲಿ ನನ್ನ ರೇಷ್ಮೆ ಹುಳ ಗೂಡು ಕಟ್ಟೋ ಚಂದ್ರಿಕೆ ಇಡ್ತೀನಿ, ಅವಕ್ಕೂ ಜಾಗ ಇಲ್ದಂಗಾಗದೆ, ನೋಡ್ಕೊಳ್ಳಿ. ನಾನು ನೇರ ಮನುಷ್ಯ, ನೇರವಾಗಿ ಹೇಳ್ತೀನಿ." ಆಮೇಲೆ ದನಿ ತಗ್ಗಿಸಿ ಕೇಳಿದ: "ಅಲ್ಲಾ ಮೇಷ್ಟ್ರೇ, ಶನಿ ಬದ್ಲು ಗುರುನ ತೋರ್ಸೋಕಾಗಲ್ವಾ? ನಂಗೆ ಏಳರಾಟದ ಶನಿ ನಡೀತಾ ಐತೆ."

"ಗುರು ಈಗ ಸೂರ್ಯನ ಮಗ್ಗುಲಿಗೆ ಹೋಗಿದಾನೆ, ಕಾಣಲ್ಲ. ಇರೋನು ಶನಿಯೇ," ಎಂದ ಪಿಳ್ಳಣ್ಣ.

ಕೊಂಡಪ್ಪ ನಿಟ್ಟುಸಿರು ಬಿಟ್ಟು, ಆ ಶನಿವಾರ ಎರಡು ದೀಪ ಹೆಚ್ಚಿಗೆ ಹಚ್ಚಿಸಿದನೆಂದು ಕೇಳಿದೆ.

ಉದ್ಘಾಟನೆಯ ದಿನ ಮಧ್ಯಾಹ್ನ ಪೆಟ್ಟಿಗೆಯನ್ನು ಎತ್ತಿನಗಾಡಿಯಲ್ಲಿ ಹುಲ್ಲು ಹಾಸಿ ತಂದು ಮಾಳಿಗೆಗೆ ಏರಿಸಿದರು. ಪಿಳ್ಳಣ್ಣ ಅಲ್ಲೇ ಕೂರಬೇಕಿತ್ತು. ಅಧಿಕಾರಿಯನ್ನು ಹೊಸಕೋಟೆಯಿಂದ ಕರೆತರಲು ವಿಜ್ಞಾನದ ಮೇಷ್ಟ್ರೇ ಹೋಗಬೇಕೆಂದು ಕೊಂಡಪ್ಪ ಅವನನ್ನು ಕಾರಿನಲ್ಲಿ ಕಳಿಸಿದ. ಇವನ ಕಾರು ಊರು ದಾಟುತ್ತಲೂ ಕೊಂಡಪ್ಪ ಪೆಟ್ಟಿಗೆಯ ಬಾಗಿಲು ತೆಗೆಸಿ ಇಣುಕಿದ. ಒಳಗೆ ಮೂರು ಕನ್ನಡಿಗಳು, ಒಂದು ಅತ್ತ, ಒಂದು ಇತ್ತ, ಇನ್ನೊಂದು ಎತ್ತಲೋ.

"ಲೋ ಮುನಿಸ್ವಾಮೀ, ಗಾಡಿ ಕುಲುಕಾಟಕ್ಕೆ ಎಲ್ಲಾ ಸೊಟ್ಟಗಾಗೋಗಿದೆ! ಆಫೀಸರ್ ಬರೋ ಹೊತ್ತು. ನೆಟ್ಟಗ್ ಮಾಡಲಾ!"

ಮುನಿಸ್ವಾಮಾಚಾರಿಗೆ ಬೇರೆ ಅಪ್ಪಣೆ ಬೇಕೇ? ಪೆಟ್ಟಿಗೆ ಸೊಟ್ಟಗಿರುವುದು ಮೇಷ್ಟ್ರ ಇಷ್ಟ. ಆದರೆ ಕನ್ನಡಿ ಸರಿದಿರುವುದು ಗಾಡಿಯ ತಪ್ಪು, ಅದು ತನ್ನ ಗೆಳೆಯನಿಗೆ ಅವಮಾನ ಎಂದುಕೊಂಡ. ಮಟ್ಟಗೋಲು ತಂದ. ತೂಗುಗುಂಡು ಇಳಿಬಿಟ್ಟ. ಒಂದೊಂದೇ ತಿರುಪು ತಿರುಗಿಸಿ ಮೂರೂ ಕನ್ನಡಿಗಳನ್ನು ಸೇನೆಯ ಸಿಪಾಯಿಗಳ ಹಾಗೆ ನೆಟ್ಟಗೆ ನಿಲ್ಲಿಸಿದ. ಬೆಳ್ಳಿಯ ಮೇಲೆ ಬೆರಳು ತಾಗದಂತೆ ಎಚ್ಚರ ವಹಿಸಿದ್ದ, ಅದೊಂದು ಪುಣ್ಯ. ಪೆಟ್ಟಿಗೆಯ ಹೊರಮೈಗೆ ಅರಿಶಿನ ಕುಂಕುಮ ಬಳಿದು ಹೂವಿಟ್ಟು ಕೈ ಮುಗಿದ. ಎಂಟು ವರ್ಷದ ಓರೆ ಒಂದು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ನೆಟ್ಟಗಾಯಿತು. ನಾನು ಕೆಳಗೆ ಸ್ವಾಗತಗೀತೆ ಹಾಡುವ ಹುಡುಗಿಯರ ರಾಗ ತಿದ್ದುತ್ತಿದ್ದೆ, ನನಗೆ ಇದು ಗೊತ್ತಾಗಲಿಲ್ಲ.

ಕತ್ತಲಾಗುತ್ತಿದ್ದಂತೆ ಅಧಿಕಾರಿ ಬಂದರು. ಹಾರ, ಭಾಷಣ, ಮತ್ತೆ ಹಾರ. ಮಾಳಿಗೆಯಲ್ಲಿ ವಿದ್ಯುತ್ತಿರಲಿಲ್ಲವಾಗಿ ಜವಾನ ವೆಂಕಟರಮಣಪ್ಪ ಪಂಪು ಹೊಡೆಯುವ ಗ್ಯಾಸ್ ಲೈಟೊಂದನ್ನು ತಂದು ಗೋಡೆಯ ಮೊಳೆಗೆ ನೇತುಹಾಕಿದ. ಪಿಳ್ಳಣ್ಣ ಓಡೋಡಿ ಬಂದು ಪೆಟ್ಟಿಗೆಯನ್ನು ಶನಿಯ ಕಡೆಗೆ ತಿರುಗಿಸಿ, ಸರಿಯಾಗಿದೆಯೋ ಎಂದು ನೋಡಲು ಬಗ್ಗಿದ. ಕೊಂಡಪ್ಪ ತೋಳು ಹಿಡಿದು ನಿಲ್ಲಿಸಿದ.

"ಏನ್ ಮೇಷ್ಟ್ರೇ ಇದು, ಬುದ್ಧಿ ಬೇಡ್ವಾ? ಸಾಹೇಬ್ರು ನೋಡೋಕ್ ಮುಂಚೆ ನೀವ್ ನೋಡಿದ್ರೆ ಎಂಜಲು ಮಾಡಿ ಕೊಟ್ಟಂಗಲ್ವಾ?"

ಸುತ್ತ ನಿಂತವರೆಲ್ಲ ಹೌದು ಹೌದು ಎಂದರು. ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಹಾಗಿಲ್ಲ. ಈ ನಿಯಮ ದುರ್ಬೀನಿಗೂ ಅನ್ವಯಿಸುತ್ತದೆ ಎಂದು ನಮ್ಮೂರಿನಲ್ಲಿ ಅಂದೇ ತೀರ್ಮಾನವಾಯಿತು. ರಿಬ್ಬನ್ನು ಕತ್ತರಿಸಿ ಅಧಿಕಾರಿ ಬಗ್ಗಿದರು.

"ಓಹೋ! ಫಸ್ಟ್ ಕ್ಲಾಸ್!" ಎಂದರು ಅಧಿಕಾರಿ. "ಹಳದಿ ಬಣ್ಣ. ಸುತ್ತ ಬಳೆ. ಸ್ಪಷ್ಟವಾಗಿದೆ."

ಆಮೇಲೆ ಕೊಂಡಪ್ಪ ಮೂರು ಸಲ ಕೆನ್ನೆ ಬಡಿದುಕೊಂಡು ನೋಡಿದ. "ಅಪ್ಪಾ ಶನಿಮಾತ್ಮಾ! ಕಂಡೆ ಕಣಪ್ಪಾ! ಎಂಥಾ ತೇಜಸ್ಸು!" ಸಮಿತಿಯ ಉಳಿದಿಬ್ಬರೂ ನೋಡಿದರು. ಅವರಲ್ಲಿ ಒಬ್ಬನಿಗೆ ಶನಿಯ ವಾಹನ ಕಾಗೆಯೂ ಕಂಡಿತು. ಅಧಿಕಾರಿ ಅಲ್ಲೇ ನಿಂತು, ಮಾಳಿಗೆಯ ಕೋಣೆ ದುರ್ಬೀನಿಗೇ ಎಂದೂ, ಪಿಳ್ಳಣ್ಣನವರ ಹೆಸರನ್ನು ಬಡ್ತಿಗೆ ಬರೆಯುವೆನೆಂದೂ ಸಾರಿದರು. ಚಪ್ಪಾಳೆಯೋ ಚಪ್ಪಾಳೆ. ಎಂಟು ವರ್ಷ ಬಾಲದ ಮೇಷ್ಟ್ರು ಎಂದವರೇ ಅವನ ಕೊರಳಿಗೆ ಹಾರ ಹಾಕಿದರು. ನಾನು ನಿಜವಾಗಿ ಸಂತೋಷಪಟ್ಟೆ.

ಆಗ ಪಿಳ್ಳಣ್ಣ ಬಗ್ಗಿ ನೋಡಿದ. ಹಳದಿಯ ದುಂಡು ಬೆಳಕು, ಸುತ್ತ ಒಂದು ಮಂಕು ಬಳೆ. ಬಹಳ ಹೊತ್ತು ನೋಡಿದ. ಅಷ್ಟರಲ್ಲಿ ದೀಪ ಮಂದವಾಯಿತೆಂದು ವೆಂಕಟರಮಣಪ್ಪ ಗ್ಯಾಸ್ ಲೈಟಿಗೆ ನಾಲ್ಕು ಪಂಪು ಹೊಡೆದ. ಶನಿ ಧಗ್ಗನೆ ಉರಿದ.

ಪಿಳ್ಳಣ್ಣ ನೆಟ್ಟಗೆ ನಿಂತ. ಅವನ ಮುಖ ಬಿಳಿಚಿತ್ತು. ನೆಟ್ಟಗಾದ ಕನ್ನಡಿಗಳು ಆಕಾಶದಿಂದ ಬಂದದ್ದನ್ನೆಲ್ಲ ಆಕಾಶಕ್ಕೇ ವಾಪಸು ಕಳಿಸುತ್ತಿದ್ದವು. ಪೆಟ್ಟಿಗೆಯ ತೆರೆದ ಪಕ್ಕದಿಂದ ಗೋಡೆಯ ಮೇಲಿನ ಲೈಟು ಹೇಗೋ ಒಳಗೆ ನುಗ್ಗಿ ಕಣ್ಣಿಗೆ ಬೀಳುತ್ತಿತ್ತು. ಆ ಬಳೆ ಲೈಟಿನ ತಗಡಿನ ಟೋಪಿ. ಮಾಳಿಗೆಯ ಮೇಲಿದ್ದ ಅಷ್ಟೂ ಜನರಲ್ಲಿ ಇದು ಗೊತ್ತಿದ್ದದ್ದು ಅವನೊಬ್ಬನಿಗೆ. ಸುಮ್ಮನಿದ್ದಿದ್ದರೆ ಕೋಣೆ, ಬಡ್ತಿ, ಹಾರ ಎಲ್ಲವೂ ಅವನದೇ. ಅವನು ಸುಮ್ಮನೇ ಇದ್ದ, ಅದನ್ನೂ ಹೇಳಿಬಿಡುತ್ತೇನೆ. ಬಾಯಿ ತೆರೆದ, ಅಧಿಕಾರಿಯ ನಗುಮುಖ ನೋಡಿದ, ಮುಚ್ಚಿಕೊಂಡ. ಜನ್ಮವೆಲ್ಲ ಕಂಡಕಂಡವರ ತಪ್ಪು ತಿದ್ದಿದವನ ನಾಲಗೆ ಅಂದು ಒಂದು ಹಾರದ ಭಾರಕ್ಕೆ ಏಳಲಿಲ್ಲ.

"ಮೇಷ್ಟ್ರ ಮನೆಯವರು ನೋಡ್ಲಿ, ದಾರಿ ಬಿಡ್ರಪ್ಪಾ," ಎಂದು ಯಾರೋ ಅಂದರು.

ಸಪ್ಪಲಮ್ಮ ಹಬ್ಬದ ಸೀರೆ ಉಟ್ಟುಕೊಂಡು ಬಂದಿದ್ದಳು. ಸದ್ದಿಲ್ಲದ ಕಾಲಿನಲ್ಲಿ ಮುಂದೆ ಬಂದು, ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ಪಿಳ್ಳಣ್ಣ ಚಟ್ಟನೆ ತನ್ನ ಅಂಗೈಯನ್ನು ಕಣ್ಣುಗಾಜಿನ ಮೇಲೆ ಇಟ್ಟುಬಿಟ್ಟ.

"ನೀನು ಬೇಡ."

ಸಪ್ಪಲಮ್ಮ ತಲೆಯೆತ್ತಿದಳು. "ಊರೋರಿಗೆಲ್ಲ ಆಗ್ತದೆ, ನನಗೆ ಇವತ್ತೂ ಬೇಡ್ವಾ? ಇವತ್ತೂ ಸರಿಯಾಗಿಲ್ವಾ? ಕೈ ತೆಗೀರಿ."

"ಸರಿಯಾಗಿಲ್ಲ ಕಣೇ," ಎಂದ ಪಿಳ್ಳಣ್ಣ. ಆಮೇಲೆ ಅವನ ದನಿ ಎಲ್ಲರಿಗೂ ಕೇಳುವಷ್ಟು ದೊಡ್ಡದಾಯಿತು. "ಅದು ಶನಿ ಅಲ್ಲ. ನಮ್ಮ ವೆಂಕಟರಮಣಪ್ಪನ ಗ್ಯಾಸ್ ಲೈಟು. ಯಾರೋ ಕನ್ನಡಿ ಮುಟ್ಟಿದಾರೆ. ಬೇರೆಯವರು ಏನು ನೋಡಿದ್ರೂ ನನಗೆ ಬೇಕಿಲ್ಲ. ನಿನ್ನ ಗೆಜ್ಜೆ ಕರಗಿಸಿ ನಿನಗೇ ಲಾಟೀನು ತೋರಿಸಲಾರೆ."

ಪರೀಕ್ಷೆ ಮಾಡುವುದು ಸುಲಭವಿತ್ತು. ನಾನೇ ಹೋಗಿ ಲೈಟಿನ ಮುಂದೆ ನನ್ನ ಛತ್ರಿ ಬಿಚ್ಚಿ ಹಿಡಿದೆ. ಸಮಿತಿಯ ಸದಸ್ಯನೊಬ್ಬ ಬಗ್ಗಿ ನೋಡಿ, "ಶನಿ ಮುಳುಗೋದ!" ಎಂದು ಕಿರುಚಿದ. ಛತ್ರಿ ಮಡಿಚಿದೆ; ಶನಿ ಹುಟ್ಟಿದ. ಹುಡುಗಿಯರ ಗುಂಪಿನಿಂದ ಮೊದಲ ನಗು ಸಿಡಿಯಿತು, ಆಮೇಲೆ ಹಿಡಿಯುವವರಿರಲಿಲ್ಲ. ಅಧಿಕಾರಿ ಕಾಫಿಯನ್ನೂ ಮುಟ್ಟದೆ ಮೆಟ್ಟಿಲಿಳಿದರು. ಕೊಂಡಪ್ಪ, "ನಾನು ನೇರ ಮನುಷ್ಯ, ನೆಟ್ಟಗ್ ಮಾಡ್ಸಿದ್ದು ತಪ್ಪಾ? ಎಲ್ಲಾ ಆ ಆಚಾರಿದು!" ಎಂದು ಕಿರುಚುತ್ತ ಅವರ ಹಿಂದೆ ಓಡಿದ. ಮುನಿಸ್ವಾಮಾಚಾರಿ ತನ್ನ ಮಟ್ಟಗೋಲನ್ನು ಎದೆಗೆ ಅವಚಿಕೊಂಡು ಅಳುತ್ತ ಕೂತ. ಅವನನ್ನು ಸಮಾಧಾನ ಮಾಡಿದವಳು ಸಪ್ಪಲಮ್ಮ. ಗಂಡನ ಕಡೆ ಮಾತ್ರ ಅವಳು ತಿರುಗಿ ನೋಡಲಿಲ್ಲ. ಅವಳಿಗೆ ಸಿಟ್ಟೋ, ಇನ್ನೇನೋ, ನನಗೆ ಆಗ ತಿಳಿಯಲಿಲ್ಲ.

ಸರಕಾರದಲ್ಲಿ ಕೆಲವು ಕೆಲಸಗಳು ಬೇಗ ಆಗುತ್ತವೆ. ವಾರದೊಳಗೆ ಪಿಳ್ಳಣ್ಣನಿಗೆ ವರ್ಗದ ಆದೇಶ ಬಂತು: ಪಾವಗಡದ ಕಡೆಯ ಒಂದು ಕುಗ್ರಾಮ. ಮಳೆಯಿಲ್ಲ, ಮೋಡವಿಲ್ಲ, ರಾತ್ರಿ ದೀಪವೂ ಇಲ್ಲ. ನಕ್ಷತ್ರ ನೋಡುವವನಿಗೆ ಇದಕ್ಕಿಂತ ಒಳ್ಳೆಯ ಊರು ರಾಜ್ಯದಲ್ಲಿ ಇರಲಾರದು. ಇದು ಶಿಕ್ಷೆ ಎಂದು ಅಧಿಕಾರಿ ನಂಬಿದ್ದರು. ಮಾಳಿಗೆಯ ಕೋಣೆಗೆ ಚಂದ್ರಿಕೆ ಬಂದವು. ದುರ್ಬೀನನ್ನು ಪಿಳ್ಳಣ್ಣ ತನ್ನ ಹಿತ್ತಿಲಿಗೆ ತಂದುಕೊಂಡ. ಸಂಜೆಯಾದರೆ ಅವನು ಒಳಗೆ ತಲೆ ಹಾಕಿ ತಿರುಪು ತಿರುಗಿಸುವುದು, ಮುನಿಸ್ವಾಮಾಚಾರಿ ಪಕ್ಕದಲ್ಲಿ ದೀಪ ಹಿಡಿಯುವುದು. "ಇನ್ನೊಂಚೂರು ಸೊಟ್ಟ ಮಾಡ್ಲಾ ಮೇಷ್ಟ್ರೇ?" ಎಂದು ಆ ನೇರ ಜೀವಿ ಕೇಳುವುದನ್ನು ಕೇಳಿದರೆ ನಗು ಬರುತ್ತಿತ್ತು.

ಸಾಮಾನು ಕಟ್ಟುವುದಕ್ಕೆ ಮುಂಚಿನ ಸಂಜೆ ನಾನು ಬೀಳ್ಕೊಡಲು ಹೋಗಿದ್ದೆ. ಆಚಾರಿ ದೀಪವನ್ನು ಒಳಮನೆಯಲ್ಲಿಟ್ಟು ಬಂದ. ಪಿಳ್ಳಣ್ಣ ಬಗ್ಗಿ ನೋಡಿದ, ಎದ್ದ, ಹೆಂಡತಿಯನ್ನು ಕರೆದ. ಅವಳು ಒಲೆಯ ಮೇಲೆ ಸಾರಿಗಿಟ್ಟು, ಕೈ ಒರೆಸಿಕೊಳ್ಳುತ್ತ ಬಂದಳು. ಮೊದಲು ತನ್ನ ಕೈಯಿಂದ ಕಣ್ಣುಗಾಜನ್ನು ಮುಟ್ಟಿ ನೋಡಿದಳು, ಯಾರ ಅಂಗೈಯೂ ಅಡ್ಡವಿಲ್ಲವಷ್ಟೇ ಎಂದು. ಆಮೇಲೆ ಬಗ್ಗಿದಳು.

"ಇಷ್ಟೇನಾ?" ಎಂದಳು. "ನನ್ನ ಗೆಜ್ಜೆಯ ಒಂದು ಕಾಳಿನಷ್ಟೂ ಇಲ್ಲ."

ಪಿಳ್ಳಣ್ಣನ ಮುಖ ಸಪ್ಪಗಾಯಿತು. ಅವಳು ಏಳಲಿಲ್ಲ. ಸ್ವಲ್ಪ ಹೊತ್ತಿಗೆ, "ಅಯ್ಯೋ, ಸರಿದು ಹೋಗ್ತಾವ್ನಲ್ಲ ಇವನು!" ಎಂದಳು. ಭೂಮಿ ತಿರುಗುವುದರಿಂದ ಹಾಗೆ, ಪೆಟ್ಟಿಗೆಯನ್ನು ಮೆಲ್ಲಗೆ ತಳ್ಳು ಎಂದ. ಅವಳು ತಳ್ಳಿದಳು. ಮತ್ತೆ ಸಿಕ್ಕಿದ. ಮತ್ತೆ ಸರಿದ. ಮತ್ತೆ ತಳ್ಳಿದಳು. ಒಳಗಿನಿಂದ ಸಾರು ಸೀದ ವಾಸನೆ ನನ್ನ ಮೂಗಿಗೆ ಬಂತು, ಆಚಾರಿಯ ಮೂಗಿಗೂ ಬಂತು. ಅವಳಿಗೆ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಪಿಳ್ಳಣ್ಣನಿಗೆ ತನ್ನ ಕಾಯಿಲೆ ಮರುಕಳಿಸಿತು. "ಅಂಚಲ್ಲಿ ಒಂದು ಚೂರು ಮಸುಕಿದೆ, ನಾನು ಗಮನಿಸಿದೀನಿ. ಮೂರನೇ ಕನ್ನಡಿದು. ಸ್ವಲ್ಪ ತಡಿ, ಸರಿಮಾಡಿಬಿಡ್ತೀನಿ," ಎನ್ನುತ್ತ ತಿರುಪಿನ ಕಡೆ ಕೈ ಚಾಚಿದ.

ಸಪ್ಪಲಮ್ಮ ಕಣ್ಣು ಕದಲಿಸದೆ, ಎಡಗೈಯಲ್ಲಿ ತಡವರಿಸಿ ಅವನ ಮಣಿಕಟ್ಟು ಹಿಡಿದುಕೊಂಡಳು.

"ಕೈ ತೆಗೀರಿ," ಎಂದಳು. "ಕಾಣ್ತಾ ಐತೆ."